ಪಾಠದ ಕೊನೆಯ ಷರಾ

ಒಂದು ಬಿ.ಎಡ್. ಕಾಲೇಜು ಹೈಸ್ಕೂಲಿಗೆ ಬೇಕಾದ ಇಂಗ್ಲಿಷ್ ಶಿಕ್ಷಕರನ್ನು ಸರಿಯಾಗಿ ತಯಾರು ಮಾಡುತ್ತಿದೆಯಾ ಅಂತ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ, ಪ್ರಶಿಕ್ಷಣಾರ್ಥಿಗಳ ಲೆಸನ್ ಪ್ಲಾನ್ ಪುಸ್ತಕದಿಂದ. ಅದರಲ್ಲಿರುವ ಪಾಠ ಯೋಜನೆಯನ್ನು ಓದುವುದು ಬೇಡ. ಅದು ಹೆಚ್ಚಿನ ಸಲ ಹಿಂದಿನ ಬ್ಯಾಚಿನವರ ಪುಸ್ತಕ ನೋಡಿ ಇಳಿಸಿಕೊಂಡದ್ದು. ನೇರವಾಗಿ ಪಾಠದ ಕೊನೆಗೆ ಹೋಗಿ. ಅಲ್ಲಿ ಮೇಲ್ವಿಚಾರಕರ ಷರಾ ಅಂತ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಪಾಠ ನೋಡಲು ಬಂದ ಉಪನ್ಯಾಸಕರು ಅಲ್ಲಿ ಏನು ಬರೆದಿದ್ದಾರೆ ಅಂತ ಓದಿ. ಇಂಥ ನಾಲ್ಕಾರು ಪುಸ್ತಕ ತಿರುವಿ ಹಾಕಿದರೆ ಸಾಕು, ಆ ಕಾಲೇಜಿನಲ್ಲಿ ಏನು ನಡೆಯುತ್ತಿದೆ ಅನ್ನುವುದು ಗೊತ್ತಾಗುತ್ತದೆ.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಶಾಲೆ. ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಬಹಳ ವರ್ಷಗಳಿಂದ ಸುತ್ತಮುತ್ತಲ ಬಿ.ಎಡ್. ಕಾಲೇಜುಗಳವರು ಇಂಟರ್ನ್‌ಶಿಪ್‌ಗೆ ನಮ್ಮ ಶಾಲೆಗೆ ಬರುತ್ತಾರೆ. ಇಂಗ್ಲಿಷ್ ಮೆಥಡ್, ಅಂದರೆ ಇಂಗ್ಲಿಷ್ ಕಲಿಸುವ ವಿಧಾನದ ವಿಷಯ ತೆಗೆದುಕೊಂಡವರು ನನ್ನ ತರಗತಿಯಲ್ಲಿ ಪಾಠ ಮಾಡುತ್ತಾರೆ, ನಾನು ಹಿಂದೆ ಕೂತು ನೋಡುತ್ತೇನೆ. ಅವರ ಕಾಲೇಜಿನವರು ಬಂದು ನೋಡುವಾಗಲೂ ನಾನು ಅಲ್ಲೇ ಇರುತ್ತೇನೆ. ಹಾಗಾಗಿ ನನಗೆ ಪಾಠವೂ ಕಾಣುತ್ತದೆ, ಆ ಪಾಠದ ಬಗ್ಗೆ ಬರೆದ ಷರಾವೂ ಕಾಣುತ್ತದೆ. ಈ ಎರಡರ ಮಧ್ಯೆ ಇರುವ ದೂರ ನನ್ನನ್ನು ತುಂಬಾ ಕಾಡಿದೆ.

ಒಂದು ಪಾಠ ಹೇಳುತ್ತೇನೆ. ಒಂಬತ್ತನೇ ತರಗತಿ, ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್. ಪಾಠ ಮಾಡಿದ ಹುಡುಗಿ ಹಿಂದಿನ ರಾತ್ರಿ ನಿದ್ದೆಗೆಟ್ಟು ಚಾರ್ಟ್ ಬರೆದುಕೊಂಡು ಬಂದಿದ್ದಳು. ಬಣ್ಣದ ಸ್ಕೆಚ್ ಪೆನ್ನು, ಅಂಚಿಗೆ ಮಿರುಗುವ ಕಾಗದ. ಬೋರ್ಡಿನ ಮೇಲೆ ದಿನಾಂಕ, ತರಗತಿ, ವಿಷಯ, ಎಲ್ಲ ಅಚ್ಚುಕಟ್ಟು. ಗದ್ಯದ ಒಂದು ಪ್ಯಾರಾ ಗಟ್ಟಿಯಾಗಿ ಓದಿದಳು. ಕಷ್ಟದ ಪದಗಳಿಗೆ ಅರ್ಥ ಬರೆದಳು. 'ಅಂಡರ್‌ಸ್ಟುಡ್?' ಅಂದಳು. 'ಎಸ್ ಮಿಸ್' ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಪ್ರಶ್ನೆ ಕೇಳಿದಳು. ಮುಂದಿನ ಬೆಂಚಿನ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಹುಡುಗ, ಮೂರೇ ಮಂದಿ ಎದ್ದು ಉತ್ತರ ಹೇಳಿದರು. ಹೇಳಿದ್ದು ಅಂದರೆ, ಪುಸ್ತಕದಲ್ಲಿದ್ದ ವಾಕ್ಯವನ್ನೇ ಬೆರಳಿಟ್ಟು ಓದಿದರು. ನನ್ನ ಪಕ್ಕ ಕೂತಿದ್ದ ಹುಡುಗ ಅಷ್ಟೂ ಹೊತ್ತು ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಟ್ರ್ಯಾಕ್ಟರ್ ಬಿಡಿಸುತ್ತಿದ್ದ. ತುಂಬಾ ಚೆನ್ನಾಗಿ ಬಿಡಿಸಿದ್ದ, ಟ್ರೇಲರಿನ ಕೊಂಡಿ ಸಮೇತ.

ಪಾಠ ಮುಗಿಯಿತು. ಷರಾ ಹೀಗಿತ್ತು: ದನಿ ಚೆನ್ನಾಗಿದೆ. ಬೋರ್ಡ್ ಕೆಲಸ ಅಚ್ಚುಕಟ್ಟು. ಚಾರ್ಟ್ ಆಕರ್ಷಕವಾಗಿದೆ. ತರಗತಿ ನಿಯಂತ್ರಣ ಇನ್ನೂ ಸುಧಾರಿಸಲಿ. ಕೆಳಗೆ ಸಹಿ, ದಿನಾಂಕ.

ಇದನ್ನು ಬರೆದವರು ಗಣಿತ ಮೆಥಡ್‌ನ ಉಪನ್ಯಾಸಕರು. ಅವರನ್ನು ನಾನು ದೂರುವುದಿಲ್ಲ. ಆ ಕಾಲೇಜಿನಲ್ಲಿ ಇಂಗ್ಲಿಷ್ ಮೆಥಡ್‌ಗೆ ಅಂತ ಇದ್ದವರು ಬಿಟ್ಟು ಹೋಗಿ ಒಂದು ವರ್ಷದ ಮೇಲಾಗಿತ್ತಂತೆ. ಯಾರು ಖಾಲಿ ಇರುತ್ತಾರೋ ಅವರು ಬರುತ್ತಿದ್ದರು. ಒಂದೇ ಬೆಳಗ್ಗೆ ಎರಡು ಶಾಲೆ ಸುತ್ತಿ, ಆರೇಳು ಪಾಠ ನೋಡಿ, ಸಹಿ ಹಾಕಿ ಹೋಗಬೇಕಿತ್ತು. ಗಣಿತದವರಿಗೆ ಇಂಗ್ಲಿಷ್ ಪಾಠದಲ್ಲಿ ಕಾಣುವುದು ದನಿ, ಬೋರ್ಡು, ಚಾರ್ಟು, ಗಲಾಟೆ. ಕಂಡದ್ದನ್ನು ಅವರು ಪ್ರಾಮಾಣಿಕವಾಗಿ ಬರೆದರು. ಆದರೆ ಆ ಹುಡುಗಿಗೆ ಸಿಕ್ಕಿದ್ದೇನು? ಮುಂದಿನ ಪಾಠಕ್ಕೆ ಇನ್ನೂ ದೊಡ್ಡ ಚಾರ್ಟ್ ಮಾಡಬೇಕು, ಇನ್ನೂ ಜೋರಾಗಿ 'ಸೈಲೆನ್ಸ್' ಅನ್ನಬೇಕು ಅನ್ನುವ ಪಾಠ. ಇಂಗ್ಲಿಷ್ ಪೀರಿಯಡ್‌ನಲ್ಲಿ ಮಕ್ಕಳ ಬಾಯಿಂದ ಇಂಗ್ಲಿಷ್ ಬರಲಿಲ್ಲ ಅನ್ನುವ ಸಂಗತಿಯನ್ನು ಅವಳಿಗೆ ಯಾರೂ ಹೇಳಲಿಲ್ಲ. ಆಮೇಲೆ ನಾನು ಹೇಳಿದೆ, ಅದು ಬೇರೆ ಮಾತು. ಆದರೆ ನಾನು ಅವಳ ಅಂಕ ಹಾಕುವವಳಲ್ಲವಲ್ಲ.

ಕಾಲೇಜುಗಳನ್ನು ಅಳೆಯುವ ವ್ಯವಸ್ಥೆಯೇ ಇಲ್ಲ ಅಂತಲ್ಲ. ಜಾಸ್ತಿಯೇ ಇದೆ. 1993ರ ಕಾಯ್ದೆಯಿಂದ ಹುಟ್ಟಿ 1995ರಲ್ಲಿ ಕೆಲಸ ಶುರು ಮಾಡಿದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಕಾಲೇಜಿಗೆ ಮಾನ್ಯತೆ ಕೊಡುತ್ತದೆ. ಎಷ್ಟು ಜಾಗ ಇರಬೇಕು, ಎಷ್ಟು ಜನ ಉಪನ್ಯಾಸಕರಿರಬೇಕು, ಗ್ರಂಥಾಲಯ ಹೇಗಿರಬೇಕು, ಎಲ್ಲಕ್ಕೂ ನಿಯಮ ಇದೆ. ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಕೇಂದ್ರ ಕಚೇರಿ ಇರುವ, ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್, ಏಳು ಮಾನದಂಡಗಳ ಮೇಲೆ ಅಂಕ ಕೊಟ್ಟು ಗ್ರೇಡ್ ಕೊಡುತ್ತಾ ಬಂದಿದೆ. ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬೇರೆ ಬರುತ್ತದೆ. ಇಷ್ಟೆಲ್ಲ ಇದ್ದೂ 2012ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ಈ ಕ್ಷೇತ್ರದ ಸ್ಥಿತಿ ನೋಡಿ ಗಾಬರಿಯಾಗಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಕಟುವಾಗಿ ಬರೆಯಿತು: ಬಿಡಿಯಾಗಿ ನಡೆಯುವ 10,000ಕ್ಕೂ ಹೆಚ್ಚು ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಸಂಸ್ಥೆಗಳು ಗಂಭೀರವಾದ ತರಬೇತಿಯ ಪ್ರಯತ್ನವನ್ನೂ ಮಾಡುತ್ತಿಲ್ಲ, ದುಡ್ಡಿಗೆ ಪದವಿ ಮಾರುತ್ತಿವೆ ಅಂತ. ಸರ್ಕಾರದ ನೀತಿಯೇ ಹೀಗೆ ಬರೆದಿದೆ ಅಂದಮೇಲೆ ಆ ಸಂಸ್ಥೆಗಳೆಲ್ಲ ಒಂದಲ್ಲ ಒಂದು ತಪಾಸಣೆಯಲ್ಲಿ ಪಾಸಾಗಿಯೇ ಬಂದಿದ್ದವು ಅನ್ನುವುದನ್ನೂ ನೆನಪಿಡಬೇಕು.

ತಪಾಸಣೆ ನೋಡುವುದು ಕಾಗದಕ್ಕೆ ಇಳಿದದ್ದನ್ನು ಮಾತ್ರ. ಹಾಜರಾತಿ ಪುಸ್ತಕ ಇದೆಯಾ, ಇದೆ. ಪ್ರತಿ ಪಾಠಕ್ಕೂ ಯೋಜನೆ ಇದೆಯಾ, ಇದೆ. ಷರಾ ಬರೆದು ಸಹಿ ಮಾಡಿದ್ದಾರಾ, ಮಾಡಿದ್ದಾರೆ. ಟಿಕ್ ಬೀಳುತ್ತದೆ. ಆ ಷರಾದಲ್ಲಿ ಏನು ಬರೆದಿದೆ ಅಂತ ಕೂತು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇನ್ನು ಹೆಸರಿಗೆ ರೆಗ್ಯುಲರ್ ಆಗಿದ್ದು, ತರಗತಿಗೇ ಬರದವರಿಗೂ ಹಾಜರಾತಿ ಕೊಡುವ ಕಾಲೇಜುಗಳ ವಿಷಯ ನಾನು ಇಲ್ಲಿ ಎತ್ತುವುದಿಲ್ಲ. ಅದು ಪೊಲೀಸರು ನೋಡಬೇಕಾದ ವಿಷಯ, ಶಿಕ್ಷಣದ ವಿಷಯವಲ್ಲ. ನನ್ನ ಕಾಳಜಿ ಇರುವುದು ನಿಜವಾಗಿಯೂ ನಡೆಯುತ್ತಿರುವ, ಪ್ರಾಮಾಣಿಕ ಉಪನ್ಯಾಸಕರಿರುವ, ಕಷ್ಟಪಟ್ಟು ಓದುವ ಮಕ್ಕಳಿರುವ ಕಾಲೇಜುಗಳ ಬಗ್ಗೆ. ಅವೇ ಬದಲಾಗಬಲ್ಲವು.

ಬಿ.ಎಡ್.ನಲ್ಲಿ ಕೌಶಲ ಕಲಿಸುವ ಕ್ರಮವನ್ನೇ ನೋಡಿ. ಮೈಕ್ರೋ ಟೀಚಿಂಗ್ ಅಂತ ಮಾಡಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಜೊತೆಯವರು ಬೆಳೆಸಿದ ಪದ್ಧತಿ ಇದು. ಐದಾರು ನಿಮಿಷದ ಪಾಠ, ಒಂದು ಸಲಕ್ಕೆ ಒಂದೇ ಕೌಶಲ, ಆಮೇಲೆ ನೋಡಿದವರು ಹೇಳಿದ್ದನ್ನು ಕೇಳಿಕೊಂಡು ಮತ್ತೆ ಅದೇ ಪಾಠ. ಅಲ್ಲಿ ವಿಡಿಯೋ ಮಾಡಿ ತೋರಿಸುತ್ತಿದ್ದರು. ನಮ್ಮಲ್ಲಿ ಉಳಿದಿರುವುದು ಐದು ನಿಮಿಷದ ಪಾಠ ಮತ್ತು ಅದನ್ನು ಬರೆದಿಡುವ ರೆಕಾರ್ಡು ಪುಸ್ತಕ. ಎದುರಿಗೆ ಕೂತು ಮಕ್ಕಳ ಪಾತ್ರ ಮಾಡುವವರು ಸಹಪಾಠಿಗಳು. ಅವರಿಗೆ ಉತ್ತರ ಗೊತ್ತು. ಕೇಳಿದ ತಕ್ಷಣ ಎದ್ದು ಹೇಳುತ್ತಾರೆ. 'ಪ್ರಶ್ನೆ ಕೇಳುವ ಕೌಶಲ' ಹೀಗೆ ಕಲಿತ ಹುಡುಗ ನಮ್ಮ ಶಾಲೆಗೆ ಬಂದು ಮೊದಲ ದಿನ ಪ್ರಶ್ನೆ ಕೇಳುತ್ತಾನೆ, ಐವತ್ತು ಮಕ್ಕಳು ಬಾಯಿ ಬಿಡದೆ ಅವನನ್ನೇ ನೋಡುತ್ತಾರೆ. ಅವನ ಮುಖ ಬಿಳಿಚಿಕೊಳ್ಳುತ್ತದೆ. ಆ ಮೌನದಲ್ಲಿ ಏನು ಮಾಡಬೇಕು ಅಂತ ಅವನಿಗೆ ಯಾರೂ ಕಲಿಸಿಲ್ಲ. ಸ್ವಲ್ಪ ಕಾಯಬೇಕಾ? ಪ್ರಶ್ನೆ ಸುಲಭ ಮಾಡಬೇಕಾ? ಪಕ್ಕದವರ ಜೊತೆ ಮಾತಾಡಿಕೊಂಡು ಹೇಳಿ ಅನ್ನಬೇಕಾ? ಕನ್ನಡದಲ್ಲೇ ಹೇಳಿ, ಇಂಗ್ಲಿಷ್ ಮಾಡೋಣ ಅನ್ನಬೇಕಾ? ಇಂಗ್ಲಿಷ್ ಶಿಕ್ಷಕರ ವೃತ್ತಿಯ ಅರ್ಧ ಭಾಗ ಇರುವುದೇ ಈ ನಾಲ್ಕು ಪ್ರಶ್ನೆಗಳಲ್ಲಿ ಅಂತ ನನ್ನ ಅನಿಸಿಕೆ.

ಈಗ ಇನ್ನೊಂದು ಷರಾ. ಇದು ಬೇರೆ ಕಾಲೇಜಿನದು, ಊರಿನ ಹೊರಗಿರುವ ಚಿಕ್ಕ ಕಾಲೇಜು. ಕಟ್ಟಡಕ್ಕೆ ಸುಣ್ಣಬಣ್ಣವೂ ನೆಟ್ಟಗಿಲ್ಲ. ಅಲ್ಲಿನ ಇಂಗ್ಲಿಷ್ ಮೆಥಡ್‌ನ ಮೇಡಂ ಪಾಠ ನೋಡಲು ಬಂದರೆ ಕುರ್ಚಿ ಕೇಳುವುದಿಲ್ಲ. ಹಿಂದಿನ ಬೆಂಚಿನಲ್ಲಿ ಮಕ್ಕಳ ಮಧ್ಯೆ ಕೂರುತ್ತಾರೆ. ಅವತ್ತು ಪಾಠ ಮಾಡಿದ ಹುಡುಗ ಎಂಟನೇ ತರಗತಿಗೆ ನಿನ್ನೆ ಏನಾಯಿತು ಅಂತ ಹೇಳುವುದನ್ನು, ಅಂದರೆ ಭೂತಕಾಲವನ್ನು, ಕಲಿಸುತ್ತಿದ್ದ. ಕಿಟಕಿ ಪಕ್ಕದ ಒಬ್ಬ ಹುಡುಗ ಧೈರ್ಯ ಮಾಡಿ ಎದ್ದ. 'ಮೈ ಅಂಕಲ್ ಗೋಡ್ ಟು ಸಿರಾ' ಅಂದ. ಪಾಠ ಮಾಡುತ್ತಿದ್ದವನು ತಕ್ಷಣ 'ನೋ, ವೆಂಟ್' ಅಂತ ತಿದ್ದಿದ, 'ಸಿಟ್ ಡೌನ್' ಅಂದ, ಮುಂದಕ್ಕೆ ಹೋದ. ಹುಡುಗ ಕೂತ.

ಮೇಡಂ ಬರೆದ ಷರಾ ಅರ್ಧ ಪುಟ ಇತ್ತು. ನಾನು ಓದಿಸಿಕೊಂಡೆ. ಅದರ ಸಾರ ಇಷ್ಟು: ನೀವು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಉತ್ತರ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಆ ಒಂದು ಪ್ರಶ್ನೆಗೆ ಮಾತ್ರ ಒಬ್ಬ ಹುಡುಗ ತಾನಾಗಿ ಎದ್ದ. ಅವನು ಸಿರಾಕ್ಕೆ ಹೋದ ಮಾವನ ಬಗ್ಗೆ ಏನೋ ಹೇಳಲು ಹೊರಟಿದ್ದ. ಅದೇನು ಅಂತ ನಿಮಗೆ ಗೊತ್ತಾಯಿತಾ? ನನಗೂ ಗೊತ್ತಾಗಲಿಲ್ಲ. ನಾಳೆ ಅವನಿಂದಲೇ ಶುರು ಮಾಡಿ. ತಪ್ಪು ತಿದ್ದುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮಾರನೆಯ ದಿನ ಅವನು ಹಾಗೇ ಮಾಡಿದ. ಸಿರಾಕ್ಕೆ ಹೋದ ಮಾವ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವನು. ಹುಡುಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋದ. ಪ್ರಶಿಕ್ಷಣಾರ್ಥಿ ಅದನ್ನು ಒಂದೊಂದೇ ವಾಕ್ಯ ಮಾಡಿ, ಸರಿಯಾದ ಇಂಗ್ಲಿಷ್‌ನಲ್ಲಿ ಬೋರ್ಡಿನ ಮೇಲೆ ಬರೆದ. ಆಮೇಲೆ ಉಳಿದವರಿಗೆ 'ಇವನನ್ನು ಪ್ರಶ್ನೆ ಕೇಳಿ' ಅಂದ. ನಮ್ಮ ಕಡೆ ಬೋರ್‌ವೆಲ್ ಅಂದರೆ ಯಾರು ಸುಮ್ನೆ ಕೂರುತ್ತಾರೆ? 'ಹೌ ಮೆನಿ ಫೀಟ್?' ಅಂತ ಒಬ್ಬಳು ಕೇಳಿದಳು. 'ಏಯ್ಟ್ ಹಂಡ್ರೆಡ್ ಫೀಟ್.' 'ವಾಟರ್ ಕೇಮ್?' 'ನೋ ವಾಟರ್. ಓನ್ಲಿ ಡಸ್ಟ್ ಕೇಮ್.' 'ಹೌ ಮಚ್ ಮನಿ?' ಆ ಲೆಕ್ಕ ಹೇಳಲು ಅವನಿಗೆ ಕನ್ನಡವೇ ಬೇಕಾಯಿತು. ಪೀರಿಯಡ್ ಮುಗಿಯುವಾಗ ಬೋರ್ಡ್ ಅಚ್ಚುಕಟ್ಟಾಗಿರಲಿಲ್ಲ. ಚಾರ್ಟ್ ಇರಲೇ ಇಲ್ಲ. ತರಗತಿ ನಿಯಂತ್ರಣದಲ್ಲಿತ್ತು ಅಂತಲೂ ಹೇಳಲಾರೆ. ಆದರೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಏಳೆಂಟು ಇಂಗ್ಲಿಷ್ ವಾಕ್ಯಗಳು ಯಾವ ಗೈಡಿನಲ್ಲೂ ಸಿಗುವಂಥವಲ್ಲ.

ಆ ಹುಡುಗ ಮೊದಲ ದಿನಕ್ಕಿಂತ ಎರಡನೇ ದಿನ ಒಳ್ಳೆಯ ಶಿಕ್ಷಕನಾದದ್ದು ಅವನ ಪ್ರತಿಭೆಯಿಂದಲ್ಲ. ಅವನ ಪಾಠವನ್ನು ನೋಡಬೇಕಾದವರು ನೋಡಿದರು, ನೋಡಿದ್ದನ್ನು ಬರೆದರು, ಮಾರನೆಯ ದಿನ ಏನು ಮಾಡಬೇಕು ಅಂತ ಹೇಳಿದರು. ಒಂದು ಕಾರ್ಯಕ್ರಮದ ಗುಣಮಟ್ಟ ಅನ್ನುವುದು ನನ್ನ ಮಟ್ಟಿಗೆ ಇದೇ. ಆ ಕಾಲೇಜಿಗೆ ನ್ಯಾಕ್‌ನಲ್ಲಿ ಯಾವ ಗ್ರೇಡ್ ಬಂದಿದೆ ಅಂತ ನಾನು ಕೇಳಿಲ್ಲ.

ಇಂಗ್ಲಿಷ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗಣಿತ ಮೆಥಡ್‌ಗೆ ಬರುವವರಿಗೆ ಗಣಿತ ಗೊತ್ತಿರುತ್ತದೆ ಅಂತ ನಾವು ನಂಬುತ್ತೇವೆ. ಇಂಗ್ಲಿಷ್ ಮೆಥಡ್‌ಗೆ ಬರುವ ಬಹಳ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದವರು. ಬಿ.ಎ.ಯಲ್ಲಿ ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಮಾತ್ರ ಓದಿದವರೂ ಇರುತ್ತಾರೆ. ಐಚ್ಛಿಕ ಇಂಗ್ಲಿಷ್ ಓದಿದ್ದರೂ, ಶೇಕ್ಸ್‌ಪಿಯರ್ ಬಗ್ಗೆ ಹತ್ತು ಅಂಕದ ಟಿಪ್ಪಣಿ ಬರೆಯಬಲ್ಲವರು ಹತ್ತು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡಲು ಹೆದರುತ್ತಾರೆ. ಇದನ್ನು ಅವರ ದೋಷ ಅಂತ ನಾನು ಯಾವತ್ತೂ ಭಾವಿಸಿಲ್ಲ. ನನ್ನ ತರಗತಿಯ ಮಗು ಎಲ್ಲಿ ಮುಗ್ಗರಿಸುತ್ತದೆ ಅಂತ ಅವರಿಗೆ ಕಾನ್ವೆಂಟಿನಲ್ಲಿ ಓದಿದವರಿಗಿಂತ ಚೆನ್ನಾಗಿ ಗೊತ್ತು, ಯಾಕಂದರೆ ಅವರೂ ಅಲ್ಲೇ ಮುಗ್ಗರಿಸಿ ಎದ್ದವರು. ಆದರೆ ಎರಡು ವರ್ಷದಲ್ಲಿ ಅವರ ಸ್ವಂತ ಇಂಗ್ಲಿಷ್ ಬೆಳೆಯಲು ಕಾಲೇಜು ಏನು ಮಾಡಿತು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಸಿಲಬಸ್‌ನಲ್ಲಿ ಭಾಷಾ ಬೋಧನೆಯ ವಿಧಾನಗಳು ಇರುತ್ತವೆ. ವ್ಯಾಕರಣ ಅನುವಾದ ವಿಧಾನ, ನೇರ ವಿಧಾನ, ದ್ವಿಭಾಷಾ ವಿಧಾನ, ಸಂವಹನ ವಿಧಾನ, ಒಂದೊಂದಕ್ಕೂ ಗುಣ ದೋಷ. ಪರೀಕ್ಷೆಗೆ ಅದನ್ನು ಬರೆಯುತ್ತಾರೆ. ಇಂಗ್ಲಿಷ್ ಪತ್ರಿಕೆ ಓದಿಸುವುದು, ದಿನಾ ಮಾತಾಡಿಸುವುದು, ಮಕ್ಕಳಿಗೆ ಕಥೆ ಹೇಳುವಷ್ಟು ನಾಲಿಗೆ ಪಳಗಿಸುವುದು, ಇದು ಯಾರ ವೇಳಾಪಟ್ಟಿಯಲ್ಲೂ ಇಲ್ಲ.

ಷರಾಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ಸಾಲು: 'ತರಗತಿಯಲ್ಲಿ ಕನ್ನಡ ಬಳಸಬೇಡಿ.' ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದಾಗಲೇ ಮಗುವಿನ ಮನೆಮಾತು ಅಡ್ಡಿಯಲ್ಲ, ಬಂಡವಾಳ ಅಂತ ಹೇಳಿಯಾಗಿದೆ. ಬಿ.ಎಡ್. ತರಗತಿಯಲ್ಲಿ ಇದನ್ನೇ ಪಾಠ ಮಾಡುವ ಉಪನ್ಯಾಸಕರು ಶಾಲೆಗೆ ಬಂದು ಅದಕ್ಕೆ ತದ್ವಿರುದ್ಧ ಷರಾ ಬರೆಯುತ್ತಾರೆ. ಕನ್ನಡ ಎಲ್ಲಿ ಬಳಸಬೇಕು, ಎಷ್ಟು ಬಳಸಬೇಕು ಅನ್ನುವುದು ಕಲಿಯಬೇಕಾದ ಕೌಶಲ. ಇಡೀ ಪಾಠವನ್ನು ಸಾಲು ಸಾಲಾಗಿ ಕನ್ನಡಕ್ಕೆ ಹೇಳಿಬಿಟ್ಟರೆ ಮಗು ಇಂಗ್ಲಿಷಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದಕ್ಷರ ಕನ್ನಡ ಇಲ್ಲದಿದ್ದರೆ ಹಿಂದಿನ ಬೆಂಚು ಟ್ರ್ಯಾಕ್ಟರ್ ಬಿಡಿಸುತ್ತದೆ. ಇದರ ಮಧ್ಯದ ದಾರಿಯನ್ನು ತೋರಿಸಿಕೊಡುವ ಷರಾ ನನಗೆ ಬೇಕು.

ಇಂಗ್ಲಿಷ್ ಬೋಧನೆಯ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಓದಿದರೂ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ನಮ್ಮ ಎಷ್ಟು ಪ್ರಶಿಕ್ಷಣಾರ್ಥಿಗಳಿಗೆ ಇದು ಗೊತ್ತೋ ಏನೋ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ಅದರ ಜೊತೆಗಿದ್ದವು. ವ್ಯಾಕರಣದ ಪಟ್ಟಿ ಇಟ್ಟುಕೊಂಡು ಕಲಿಸುವುದನ್ನು ಬಿಟ್ಟು, ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಒಂದು ಕೆಲಸ ಕೊಡುವುದು. ರೈಲಿನ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕು ಹೇಳು, ನಕ್ಷೆ ನೋಡಿ ದಾರಿ ಹೇಳು, ಹೀಗೆ. ಮೊದಲು ಇಡೀ ತರಗತಿಯ ಜೊತೆ ಶಿಕ್ಷಕರು ಅಂಥದೇ ಒಂದನ್ನು ಮಾಡಿ ತೋರಿಸುವುದು, ಆಮೇಲೆ ಮಕ್ಕಳು ತಾವೇ ಮಾಡುವುದು. ಬುದ್ಧಿ ಕೆಲಸದ ಮೇಲಿರುತ್ತದೆ, ಭಾಷೆ ಅದರ ಜೊತೆಗೆ ಬರುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಅದು ಹೆಸರಾಯಿತು.

ಅದರ ಮೌಲ್ಯಮಾಪನದ ಕಥೆಯೂ ನನ್ನ ವಿಷಯಕ್ಕೆ ಹತ್ತಿರದ್ದು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅನ್ನುವ ಸಂಶೋಧಕರು ಪ್ರಾಜೆಕ್ಟಿನ ಮಕ್ಕಳನ್ನೂ ಮಾಮೂಲಿ ಕ್ರಮದಲ್ಲಿ ಕಲಿತ ಮಕ್ಕಳನ್ನೂ ಪರೀಕ್ಷೆ ಮಾಡಿ 1985ರಲ್ಲಿ ಬರೆದರು. ಯಾವ ಥರ ಕಲಿತಿದ್ದರೋ ಆ ಥರದ ಪರೀಕ್ಷೆಯಲ್ಲಿ ಆಯಾ ಗುಂಪು ಮುಂದಿತ್ತು. ಕಲಿತದ್ದನ್ನು ಹೊಸ ಸಂದರ್ಭದಲ್ಲಿ ಬಳಸುವ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳ ಕೈ ಮೇಲಿತ್ತು. ಬೆರೆಟ್ಟಾ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಪಾಠ ಮಾಡಿದ ಶಿಕ್ಷಕರು ಇದನ್ನು ಎಷ್ಟು ಮಟ್ಟಿಗೆ ತಮ್ಮದಾಗಿಸಿಕೊಂಡರು? ಶಿಕ್ಷಕರಿಗೆ ತರಬೇತಿ ಕೊಡುವುದರಲ್ಲಿ ಪಳಗಿದ್ದವರು ಬೇಗ ಹಿಡಿದುಕೊಂಡಿದ್ದರು. ಶಾಲೆಯ ಮಾಮೂಲಿ ಶಿಕ್ಷಕರಿಗೆ ಅದು ಅಷ್ಟಾಗಿ ಒಗ್ಗಿರಲಿಲ್ಲ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ವಿಧಾನ ಎಷ್ಟೇ ಒಳ್ಳೆಯದಿರಲಿ, ಅದನ್ನು ತರಗತಿಯಲ್ಲಿ ಮಾಡುವವರ ಪಕ್ಕ ಯಾರಾದರೂ ನಿಂತಿರಬೇಕು. ಪ್ರಭು ಅವರೇ 1990ರಲ್ಲಿ ಬರೆದರು, ಎಲ್ಲರಿಗೂ ಒಗ್ಗುವ ಅತ್ಯುತ್ತಮ ವಿಧಾನ ಅಂತ ಒಂದಿಲ್ಲ, ತಾನು ಮಾಡುತ್ತಿರುವುದರಿಂದ ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವ ಬಗ್ಗೆ ಶಿಕ್ಷಕರ ಒಳಗೆ ಜೀವಂತವಾದ ಒಂದು ತಿಳುವಳಿಕೆ ಇರಬೇಕು ಅಂತ. ಆ ತಿಳುವಳಿಕೆ ಹುಟ್ಟಬೇಕಾದ ಜಾಗ ಬಿ.ಎಡ್. ಅಲ್ವಾ?

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಶುರುವಾದದ್ದು. ಕೇಂದ್ರದ ಶಾಲಾ ಶಿಕ್ಷಣದ ಸಂಸ್ಥೆ ಎನ್‌ಸಿಇಆರ್‌ಟಿಗೆ ಸೇರಿದ್ದು. ಪಿಯುಸಿ ಮುಗಿಸಿ ಬಂದ ಮಕ್ಕಳಿಗೆ ಅಲ್ಲಿ ನಾಲ್ಕು ವರ್ಷದ ಸಂಯೋಜಿತ ಪದವಿ ಇದೆ. ವಿಷಯದ ಓದೂ ಬೋಧನೆಯ ಓದೂ ಒಟ್ಟಿಗೆ ಸಾಗುತ್ತವೆ. ಅದಕ್ಕಿಂತ ಮುಖ್ಯವಾಗಿ ಆವರಣದಲ್ಲೇ ಒಂದು ಪ್ರಾತ್ಯಕ್ಷಿಕೆ ಶಾಲೆ ಇದೆ, ಡಿಎಂಎಸ್ ಅಂತ ಮೈಸೂರಿನವರಿಗೆಲ್ಲ ಗೊತ್ತು. ಕಾಲೇಜಿನ ಪಕ್ಕದಲ್ಲಿ ಶಾಲೆ ಇದ್ದರೆ ಎಷ್ಟು ವ್ಯತ್ಯಾಸ ಅಂತ ಯೋಚಿಸಿ. ಬೆಳಗ್ಗೆ ತರಗತಿಯಲ್ಲಿ ಹೇಳಿದ್ದನ್ನು ಮಧ್ಯಾಹ್ನ ಮಕ್ಕಳ ಎದುರು ಮಾಡಿ ನೋಡಬಹುದು. ಈಗ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ ಅನ್ನುವ ಹೆಸರಲ್ಲಿ ನಾಲ್ಕು ವರ್ಷದ ಪದವಿಯನ್ನು ದೇಶದ ಬೇರೆ ಕಡೆಗೂ ತರುತ್ತಿದ್ದಾರೆ, 2023–24ರಲ್ಲಿ 57 ಸಂಸ್ಥೆಗಳಿಂದ ಶುರುವಾಯಿತು. ನಾಲ್ಕು ವರ್ಷ ಸಿಕ್ಕುವುದು ಒಳ್ಳೆಯದೇ. ಆದರೆ ಪಕ್ಕದಲ್ಲಿ ಶಾಲೆ ಇಲ್ಲದೆ, ಪಾಠ ನೋಡುವವರಿಲ್ಲದೆ, ನಾಲ್ಕು ವರ್ಷ ಅಂದರೆ ಇನ್ನಷ್ಟು ದಪ್ಪ ರೆಕಾರ್ಡು.

ಒಂದು ಸಣ್ಣ ಪರೀಕ್ಷೆಯನ್ನು ನಾನು ಯಾವ ಕಾಲೇಜಿಗೂ ಒಡ್ಡುತ್ತೇನೆ. ಇಂಗ್ಲಿಷ್ ಮೆಥಡ್‌ನ ಉಪನ್ಯಾಸಕರು ಈ ವರ್ಷ ಯಾವುದಾದರೂ ಹೈಸ್ಕೂಲಿನಲ್ಲಿ, ನಿಜವಾದ ಮಕ್ಕಳಿಗೆ, ಪ್ರಶಿಕ್ಷಣಾರ್ಥಿಗಳ ಎದುರು ಒಂದು ಪಾಠ ಮಾಡಿದ್ದಾರಾ? ಡೆಮಾನ್‌ಸ್ಟ್ರೇಷನ್ ಪಾಠ ಅಂತ ಕಾಲೇಜಿನೊಳಗೆ ಮಾಡುವುದಲ್ಲ. ಎಂಟನೇ ತರಗತಿಯ ಬಿ ಸೆಕ್ಷನ್‌ಗೆ ಬಂದು, ಅಕ್ಷರವೇ ಸರಿಯಾಗಿ ಬಾರದ ಮಕ್ಕಳೂ ಇರುವ ಕಡೆ, ನಲವತ್ತು ನಿಮಿಷ. ಹಾಗೆ ಬಂದು ಮಾಡಿದವರನ್ನು ನಾನು ನೋಡಿದ್ದೇನೆ. ಅವರ ಪಾಠ ಕೆಲವು ಸಲ ಕೈಕೊಟ್ಟದ್ದೂ ಇದೆ. ಆಮೇಲೆ ಮರದ ಕೆಳಗೆ ಕೂತು, ಎಲ್ಲಿ ಕೈಕೊಟ್ಟಿತು ಅಂತ ಪ್ರಶಿಕ್ಷಣಾರ್ಥಿಗಳ ಜೊತೆ ಮಾತಾಡಿದರು. ಅಂಥ ಅರ್ಧ ಗಂಟೆಯಲ್ಲಿ ಪ್ರಶಿಕ್ಷಣಾರ್ಥಿಗಳು ಕಲಿತದ್ದು ಯಾವ ರೆಕಾರ್ಡಿನಲ್ಲೂ ಬರುವುದಿಲ್ಲ.

ಕಾಗದ ಬೇಡ, ವಿಡಿಯೋ ನೋಡಿ ಅಳೆಯೋಣ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು. ಎಡ್‌ಟಿಪಿಎ ಅಂತ ಅದರ ಹೆಸರು, ರೂಪಿಸಿದ್ದು ಅದೇ ಸ್ಟ್ಯಾನ್‌ಫರ್ಡ್‌ನವರು. ಶಿಕ್ಷಕರಾಗುವವರು ತಮ್ಮ ಪಾಠದ ವಿಡಿಯೋ, ಮಕ್ಕಳು ಬರೆದ ಕೆಲಸ, ತಮ್ಮ ವಿವರಣೆ ಎಲ್ಲ ಕಳಿಸಬೇಕಿತ್ತು. ಶುಲ್ಕ 300 ಡಾಲರ್ ಇತ್ತು. ಮಕ್ಕಳ ಬರಹವನ್ನು ನೋಡುವ ಆ ಯೋಚನೆ ನನಗೆ ತುಂಬಾ ಹಿಡಿಸಿತು. ಆದರೆ ಅದನ್ನು ಶಿಕ್ಷಕರ ಲೈಸೆನ್ಸಿಗೆ ಕಟ್ಟಿದ ಮೇಲೆ, ಅಂಕ ಹೇಗೆ ಬರುತ್ತದೆ ಅಂತ ನೋಡಿಕೊಂಡು ತಯಾರಿ ಮಾಡುವುದೇ ದೊಡ್ಡ ಕೆಲಸವಾಯಿತು ಅಂತ ದೂರು ಬಂತು. ಜಾರ್ಜಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಆ ಕಡ್ಡಾಯವನ್ನು ಕೈಬಿಟ್ಟವು. ದೂರದಲ್ಲಿ ಕೂತ ಅಪರಿಚಿತರು ಅಂಕ ಹಾಕುವುದಕ್ಕೂ, ಹಿಂದಿನ ಬೆಂಚಿನಲ್ಲಿ ಕೂತವರು ನಾಳೆ ಹೀಗೆ ಮಾಡಿ ಅನ್ನುವುದಕ್ಕೂ ತುಂಬಾ ಅಂತರ ಇದೆ.

ಇಂಟರ್ನ್‌ಶಿಪ್ ಬಗ್ಗೆ ಒಂದು ಮಾತು ಹೇಳಲೇಬೇಕು. 2015ರಿಂದ ಬಿ.ಎಡ್. ಎರಡು ವರ್ಷವಾಯಿತು. ನಿಯಮದ ಪ್ರಕಾರ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ ಶಾಲೆಯಲ್ಲಿರಬೇಕು. ಇದು ಆ ಬದಲಾವಣೆಯಲ್ಲಿ ಬಂದ ಅತ್ಯಂತ ಒಳ್ಳೆಯ ಅಂಶ. ಹಿಂದೆ ಒಂದು ವರ್ಷದ ಕೋರ್ಸ್ ಇದ್ದಾಗ ಪಾಠಗಳ ಸಂಖ್ಯೆ ಮುಗಿಸಿ ಓಡುತ್ತಿದ್ದರು. ಈಗ ಒಂದು ಘಟಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ, ಪರೀಕ್ಷೆ ಕೊಟ್ಟು, ಉತ್ತರ ಪತ್ರಿಕೆ ತಿದ್ದುವಷ್ಟು ಸಮಯ ಸಿಗುತ್ತದೆ. ಆದರೆ ಆ 16 ವಾರ ಎಷ್ಟೋ ಶಾಲೆಗಳಲ್ಲಿ ಖಾಲಿ ಹುದ್ದೆ ತುಂಬುವ ಸಾಧನವಾಗಿದೆ. ಅತಿಥಿ ಶಿಕ್ಷಕರು ಸಿಗುವ ತನಕ ಇವರೇ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟು, ಪತ್ರ ಬರೆಯುವುದು, ಪದ್ಯ ಬಾಯಿಪಾಠ, ಚಿತ್ರ ನೋಡಿ ನಾಲ್ಕು ವಾಕ್ಯ, ಇದನ್ನೇ ಉರು ಹೊಡೆಸಲು ಹಚ್ಚುತ್ತಾರೆ. ಪಾಸಾಗಬೇಕಾದ ಮಗುವಿಗೆ ಅದೂ ಬೇಕು, ನಾನೂ ಮಾಡಿಸುತ್ತೇನೆ. ಆದರೆ ಇಂಗ್ಲಿಷ್ ಕಲಿಸುವುದು ಅಂದರೆ ಇಷ್ಟೇ ಅಂತ ಒಬ್ಬ ಹೊಸ ಶಿಕ್ಷಕಿ ಮೊದಲ 16 ವಾರದಲ್ಲಿ ನಂಬಿಬಿಟ್ಟರೆ ಮುಂದಿನ ಮೂವತ್ತು ವರ್ಷ ಅವಳು ಅದನ್ನೇ ಮಾಡುತ್ತಾಳೆ. ಮೂವತ್ತು ವರ್ಷ ಅಂದರೆ ಎಷ್ಟು ಸಾವಿರ ಮಕ್ಕಳು, ಲೆಕ್ಕ ಹಾಕಿ.

ನಮ್ಮಂಥ ಶಾಲೆಯ ಶಿಕ್ಷಕರ ಪಾತ್ರವನ್ನು ಯಾವ ಮೌಲ್ಯಮಾಪನವೂ ಗಂಭೀರವಾಗಿ ತೆಗೆದುಕೊಂಡಿಲ್ಲ ಅನ್ನುವುದು ನನ್ನ ದೊಡ್ಡ ಕೊರಗು. ದಿನಾ ಪಾಠ ನೋಡುವವರು ನಾವು. ಕಾಲೇಜಿನವರು ಬರುವುದು ಯಾವಾಗಲೋ ಒಮ್ಮೆ. ಕೊನೆಗೆ ನಮ್ಮ ಕೈಗೆ ಒಂದು ಪ್ರಮಾಣಪತ್ರ ಬರುತ್ತದೆ, ಇಂಥವರು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ತೃಪ್ತಿಕರವಾಗಿ ಇಂಟರ್ನ್‌ಶಿಪ್ ಮುಗಿಸಿದ್ದಾರೆ ಅಂತ ಮೊದಲೇ ಅಚ್ಚು ಹಾಕಿದ್ದು. ಸಹಿ ಹಾಕಿ, ಮುದ್ರೆ ಒತ್ತಿ ಕೊಡುವುದು. ನಮ್ಮ ಪ್ರಶಿಕ್ಷಣಾರ್ಥಿಗಳು ಯಾವುದರಲ್ಲಿ ಗಟ್ಟಿ, ಯಾವುದನ್ನು ನಾವು ಕಲಿಸಿ ಕಳಿಸಬೇಕಿತ್ತು ಅಂತ ಒಂದು ಕಾಲೇಜು ನಮ್ಮನ್ನು ಕರೆದು ಕೇಳಲಿ. ಹೇಳುವುದಕ್ಕೆ ನಮ್ಮ ಹತ್ತಿರ ತುಂಬಾ ಇದೆ. ಅದೇ ರೀತಿ, ಕೋರ್ಸ್ ಮುಗಿಸಿ ಎಲ್ಲೋ ಕೆಲಸಕ್ಕೆ ಸೇರಿದ ಹುಡುಗಿಯ ತರಗತಿಗೆ ಎರಡು ವರ್ಷದ ನಂತರ ಅವಳ ಉಪನ್ಯಾಸಕರು ಹೋಗಿ ಕೂರಲಿ. ಮಕ್ಕಳ ನೋಟ್‌ಬುಕ್ ತೆಗೆದು ನೋಡಲಿ. ಬೋರ್ಡಿನಿಂದ ಇಳಿಸಿಕೊಂಡ ವಾಕ್ಯ ಎಷ್ಟು, ಮಗು ತಾನೇ ಕಟ್ಟಿದ ವಾಕ್ಯ ಎಷ್ಟು ಅಂತ ನೋಡಲಿ. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ತಂತ್ರಾಂಶವೂ ಬೇಡ. ಬಸ್ ಚಾರ್ಜು, ಒಂದು ದಿನ.

2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊಸ ನಿಯಮಗಳ ಕರಡು ಹೊರಡಿಸಿತು. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಮತ್ತೆ ಒಂದು ವರ್ಷದ ಬಿ.ಎಡ್. ತರುವ ಪ್ರಸ್ತಾಪ ಅದರಲ್ಲಿತ್ತು. ಒಂದು ವರ್ಷ ಸಾಕಾ, ಎರಡು ಬೇಕಾ ಅಂತ ಬಹಳ ಚರ್ಚೆ ನಡೆಯಿತು. ಎಂ.ಎ. ಇಂಗ್ಲಿಷ್ ಮಾಡಿ ಬಂದವರಿಗೆ ವಿಷಯ ಗೊತ್ತಿರುತ್ತದೆ, ಒಂದು ವರ್ಷ ಸಾಕಾಗಬಹುದು. ನನ್ನ ಭಯ ಬೇರೆ. ಅವಧಿ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಶಾಲೆಯಲ್ಲಿ ಇರುವ ವಾರಗಳಿಗೆ, ಪಾಠ ನೋಡಿ ಮಾತಾಡುವ ಸಮಯಕ್ಕೆ. ಥಿಯರಿ ಪತ್ರಿಕೆಗಳು ಹೇಗೋ ಉಳಿದುಕೊಳ್ಳುತ್ತವೆ.

ಈ ಸಲ ಬಿ.ಎಡ್. ಸೇರಬೇಕು, ಇಂಗ್ಲಿಷ್ ಮೆಥಡ್ ತೆಗೆದುಕೊಳ್ಳಬೇಕು ಅಂತ ಇರುವವರಿಗೆ ಒಂದು ಮಾತು. ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸುವ ಮುಂಚೆ ಆ ಕಾಲೇಜಿನ ಮಕ್ಕಳು ಇಂಟರ್ನ್‌ಶಿಪ್‌ಗೆ ಹೋಗುವ ಶಾಲೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಅಲ್ಲಿಗೆ ಹೋಗಿ, ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಶಿಕ್ಷಕರು ಯಾರು ಅಂತ ವಿಚಾರಿಸಿ. ಪಾಠ ನೋಡಲು ಕಾಲೇಜಿನಿಂದ ಯಾರು ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಮುಗಿದ ಮೇಲೆ ಏನು ಮಾತಾಡುತ್ತಾರೆ, ಈ ಮೂರು ಕೇಳಿ. ನಮ್ಮ ಶಾಲೆಯಾದರೆ ಸಣ್ಣ ವಿರಾಮ ಹನ್ನೊಂದೂವರೆಗೆ. ಆ ಹೊತ್ತಿಗೆ ಬಂದರೆ ನಾನು ಬಿಡುವಾಗಿರುತ್ತೇನೆ.